ತಾಯಿ ಹೇಳಿದ ಸುಳ್ಳು

ಆಸ್ಟ್ರೇಲಿಯದ ಪರ್ತ್ ನಗರದಲ್ಲಿ, 1950ರ ದಶಕದ ಕೊನೆಯ ಹೊತ್ತಿಗೆ, ಒಬ್ಬ ಬಾಲಕಿ ಶಾಲೆಯಿಂದ ಮನೆಗೆ ಬಂದು ತಾಯಿಯನ್ನು ಕೇಳಿದಳು: ನಾವು ಯಾವ ದೇಶದವರು? ಸಹಪಾಠಿಗಳಿಗೆ ಭಾರತದವರೆಂದು ಹೇಳುವಂತೆ ತಾಯಿ ಸೂಚಿಸಿದರು. ಮಗು ನಂಬಿತು.

ಆ ಬಾಲಕಿ ಸ್ಯಾಲಿ ಮಾರ್ಗನ್. ಆಕೆಯ ಆತ್ಮಕಥನ 'ಮೈ ಪ್ಲೇಸ್' 1987ರಲ್ಲಿ ಪ್ರಕಟವಾಯಿತು. ಅವರು ಭಾರತದವರಾಗಿರಲಿಲ್ಲ, ಆ ನೆಲದ ಮೂಲನಿವಾಸಿಗಳೇ ಆಗಿದ್ದರು. ನನ್ನಿಂದ ಪುಸ್ತಕವನ್ನು ಓದಲು ಒಯ್ದಿದ್ದ ಹಳೆಯ ಸಹೋದ್ಯೋಗಿಯೊಬ್ಬರು ಹಿಂತಿರುಗಿಸುವಾಗ, "ಹೆತ್ತ ಮಕ್ಕಳಿಂದಲೇ ಕುಲವನ್ನು ಮರೆಮಾಚುವುದು ಹೇಡಿತನವಲ್ಲವೇ ಮೇಷ್ಟ್ರೇ?" ಎಂದರು. ಈ ಮಾತನ್ನು ನಾನು ಒಪ್ಪಲಾರೆ.

ಪಶ್ಚಿಮ ಆಸ್ಟ್ರೇಲಿಯದ 1905ರ ಕಾಯಿದೆಯ ಪ್ರಕಾರ ಮೂಲನಿವಾಸಿಗಳ ಮತ್ತು ಮಿಶ್ರರಕ್ತದವರ ಮಕ್ಕಳಿಗೆ ಹದಿನಾರು ವರ್ಷ ತುಂಬುವವರೆಗೆ ಕಾನೂನುಬದ್ಧ ಪಾಲಕ ಒಬ್ಬ ಸರ್ಕಾರಿ ಅಧಿಕಾರಿ. ಹೆತ್ತವರಿದ್ದರೂ ಮಕ್ಕಳನ್ನು ಒಯ್ಯಬಹುದಾಗಿತ್ತು. ಸ್ಯಾಲಿಯ ಅಜ್ಜಿ ಡೈಸಿ ಶ್ರೀಮಂತರ ಮನೆಯಲ್ಲಿ ಕೆಲಸದಾಳು. ಅವರ ಮಗಳು ಗ್ಲ್ಯಾಡಿಸ್ ಬೆಳೆದದ್ದು ಪಾರ್ಕರ್‌ವಿಲ್ ಎಂಬಲ್ಲಿನ ಮಕ್ಕಳ ಆಶ್ರಮದಲ್ಲಿ. ತಾಯಿಯ ಮುಖ ಕಾಣುತ್ತಿದ್ದುದು ರಜೆಗಳಲ್ಲಷ್ಟೇ. ಈ ಗ್ಲ್ಯಾಡಿಸ್ ಮುಂದೆ ಸ್ಯಾಲಿಯ ತಾಯಿ. ಮಹಾಯುದ್ಧದಲ್ಲಿ ಸೆರೆಯಾಳಾಗಿ ಜರ್ಜರಿತರಾಗಿದ್ದ ಪತಿ ತೀರಿಕೊಂಡಾಗ ಐವರು ಮಕ್ಕಳು ಅವರ ಮಡಿಲಲ್ಲಿದ್ದರು. ಕಸ ಗುಡಿಸಿ, ನೆಲ ಒರೆಸಿ ಅವರನ್ನು ಸಾಕಿದರು. ಬಾಗಿಲು ತಟ್ಟಿದ ಸದ್ದಿಗೆ ಬೆಚ್ಚುವ ಮನೆಯದು. ಬಡತನವನ್ನು ದುಡಿದು ಎದುರಿಸಬಹುದು. ಮಕ್ಕಳನ್ನು ಒಯ್ಯುವ ಕಾನೂನನ್ನು ಎದುರಿಸಲು ಆ ತಾಯಿಯ ಬಳಿ ಒಂದು ಸುಳ್ಳಿನ ಹೊರತು ಬೇರೇನಿತ್ತು?

ಮೊಮ್ಮಕ್ಕಳಿಗೆ ಬಿಳಿಯ ಅಜ್ಜಿ ಬೇಕು, ಕಪ್ಪಗಿರುವ ತಾನು ಬೇಡ ಎಂದು ಡೈಸಿ ಒಂದು ದಿನ ಅತ್ತಾಗಲೇ ಹದಿಹರೆಯದ ಸ್ಯಾಲಿಗೆ ಅಜ್ಜಿಯ ಬಣ್ಣ ಮೊದಲ ಬಾರಿಗೆ ಕಂಡಿತು. ಇಷ್ಟಕ್ಕೇ ಮುಗಿಯಲಿಲ್ಲ. ಕಾಲೇಜಿನಲ್ಲಿ ಮೂಲನಿವಾಸಿಗಳ ವಿದ್ಯಾರ್ಥಿವೇತನ ಪಡೆದಾಗ, ಈಕೆ ನಿಜವಾದ ಮೂಲನಿವಾಸಿಯಲ್ಲವೆಂದು ಯಾರೋ ದೂರು ಕೊಟ್ಟರು. ಅಧಿಕಾರಿಗಳು ಕರೆದು ವಿಚಾರಿಸಿದರು. ಮೊದಲು ಬಚ್ಚಿಟ್ಟುಕೊಳ್ಳಬೇಕು, ಆಮೇಲೆ ಸಾಬೀತುಪಡಿಸಬೇಕು! ಜಾತಿ ಪ್ರಮಾಣಪತ್ರ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದ ನನ್ನ ವಿದ್ಯಾರ್ಥಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ.

2008ರ ಫೆಬ್ರುವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಡೈಸಿ ಅದನ್ನು ಕೇಳಲು ಇರಲಿಲ್ಲ. ಮೊಮ್ಮಗಳ ಪುಸ್ತಕ ಅಚ್ಚಾಗುವ ಮೊದಲೇ ತೀರಿಕೊಂಡಿದ್ದರು.

ನನ್ನನ್ನು ಕಾಡುವುದು ಮಾತ್ರ ಶಾಲೆಯ ಆ ಪ್ರಶ್ನೆ. ಹೊಸದಾಗಿ ಸೇರಿದ ಮಕ್ಕಳನ್ನು ತರಗತಿಯ ಎದುರು ನಿಲ್ಲಿಸಿ, "ಯಾವ ಊರು, ಯಾವ ಕೇರಿ, ಅಪ್ಪ ಏನು ಮಾಡುತ್ತಾರೆ?" ಎಂದು ನಾನೂ ವರ್ಷಗಟ್ಟಲೆ ಕೇಳಿದವನೇ. ಒಬ್ಬ ಹುಡುಗ ತುಂಬ ಹೊತ್ತು ಸುಮ್ಮನಿದ್ದು, ಅಪ್ಪ ಮುಂಬಯಿಯಲ್ಲಿದ್ದಾರೆಂದ. ಮರುವಾರ ಅವರು ನಮ್ಮೂರ ಚರಂಡಿಯಲ್ಲಿ ಇಳಿದು ಕೆಲಸ ಮಾಡುತ್ತಿದ್ದುದನ್ನು ಕಂಡೆ. ಸುಳ್ಳು ಹೇಳಿದನೆಂದು ಹುಡುಗನನ್ನು ಗದರಿಸಿದ್ದೆ.