ಉದ್ಯೋಗದ ಸಂಖ್ಯೆ ಮತ್ತು ಉದ್ಯೋಗದ ಸ್ವರೂಪ

ಕೈಗಾರಿಕೆ ಬಂದರೆ ಊರಿನ ಮಕ್ಕಳಿಗೆ ಕೆಲಸ ಸಿಗುತ್ತದೆ ಎಂಬ ಭರವಸೆ ತುಮಕೂರು ಜಿಲ್ಲೆಗೆ ಹೊಸದಲ್ಲ. ದೇವರಾಯನದುರ್ಗದ ತಪ್ಪಲಿನಿಂದ ಕುಣಿಗಲ್ ಸೀಮೆಯ ಹುತ್ರಿದುರ್ಗದ ಬುಡದವರೆಗೆ, ಹತ್ತನೆಯ ತರಗತಿ ಮುಗಿಸಿದ ಮಕ್ಕಳಿರುವ ಮನೆಗಳಲ್ಲಿ ಪ್ರತಿ ಬೇಸಿಗೆಯಲ್ಲೂ ಇದೇ ಚರ್ಚೆ: ತೋಟದಲ್ಲಿ ಉಳಿಯುವುದೋ, ತರಬೇತಿಗೆ ಸೇರುವುದೋ, ಕಾರ್ಖಾನೆಯ ಗೇಟಿನ ಮುಂದೆ ನಿಲ್ಲುವುದೋ? ಈ ನಿರ್ಧಾರಕ್ಕೆ ಸಮಾರಂಭಗಳ ಘೋಷಣೆಗಿಂತ ಜಿಲ್ಲೆಯ ಅನುಭವವೇ ಉತ್ತಮ ಆಧಾರ.

ತುಮಕೂರಿನ ಎಚ್.ಎಂ.ಟಿ. ಕೈಗಡಿಯಾರ ಕಾರ್ಖಾನೆಯನ್ನು ಇಂದಿಗೂ ಜನ ಗೌರವದಿಂದ ನೆನೆಯುತ್ತಾರೆ. 1970ರ ದಶಕದ ಕೊನೆಯಲ್ಲಿ ಆರಂಭವಾದ ಆ ಘಟಕದ ಕಾಯಂ ನೌಕರಿ ಅನೇಕ ಕುಟುಂಬಗಳಿಗೆ ನೆಲೆ ಒದಗಿಸಿತು. ಕ್ವಾರ್ಟ್ಸ್ ಗಡಿಯಾರಗಳ ಪೈಪೋಟಿಯಲ್ಲಿ ಸಂಸ್ಥೆ ಸೊರಗಿತು. 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಎಚ್.ಎಂ.ಟಿ. ವಾಚಸ್ ಮುಚ್ಚಲು ಒಪ್ಪಿಗೆ ನೀಡಿತು. ಅದೇ ತಿಂಗಳ 3ರಂದು ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆಗೆ ಶಂಕುಸ್ಥಾಪನೆಯಾಗಿತ್ತು.

ಆ ಕಾರ್ಖಾನೆ ದೇಶಕ್ಕೆ ಸಮರ್ಪಣೆಯಾದದ್ದು 2023ರ ಫೆಬ್ರವರಿ 6ರಂದು. ಶಂಕುಸ್ಥಾಪನೆಯ ವರ್ಷ ಹದಿನಾರರ ಹರೆಯದಲ್ಲಿದ್ದ ಹುಡುಗನಿಗೆ ಅಷ್ಟರಲ್ಲಿ ಇಪ್ಪತ್ಮೂರು ತುಂಬಿತ್ತು. ಆ ಏಳು ವರ್ಷಗಳಲ್ಲಿ ಫಿಟ್ಟರ್, ಮೆಷಿನಿಸ್ಟ್ ಅಥವಾ ಎಲೆಕ್ಟ್ರಿಷಿಯನ್ ವಿದ್ಯೆ ಕಲಿತವನು ಅಲ್ಲದಿದ್ದರೆ ಬೇರೆಡೆಯಾದರೂ ಕೆಲಸ ಕೇಳಲು ಅರ್ಹನಾಗಿದ್ದ. ಬರಿದೆ ಕಾದವನಿಗೆ ಆ ಅರ್ಹತೆ ಇರಲಿಲ್ಲ.

ಗುಬ್ಬಿಯ ಘಟಕದಿಂದ ಸುಮಾರು 6,000 ಮಂದಿಗೆ ಉದ್ಯೋಗ ದೊರೆಯಲಿದೆ ಎಂದು ಆಗ ತಿಳಿಸಲಾಗಿತ್ತು. ಅದೇ ದಿನ ತುಮಕೂರು ಕೈಗಾರಿಕಾ ಟೌನ್‌ಶಿಪ್‌ಗೂ ಶಂಕುಸ್ಥಾಪನೆ ನೆರವೇರಿತು. ಚೆನ್ನೈ-ಬೆಂಗಳೂರು ಕೈಗಾರಿಕಾ ಕಾರಿಡಾರ್‌ನ ಭಾಗವಾದ ಅದರ ವಿಸ್ತೀರ್ಣ ಮೂರು ಹಂತಗಳಲ್ಲಿ 8,484 ಎಕರೆ. ಇಂತಹ ಸಂಖ್ಯೆಗಳು ಸುಳ್ಳೆಂದು ತಳ್ಳಿಹಾಕುವ ಅಗತ್ಯವಿಲ್ಲ. ಆದರೆ ಸಂಖ್ಯೆಯೊಳಗೆ ಕಾಯಂ ತಂತ್ರಜ್ಞನೂ ಇರುತ್ತಾನೆ, ಗುತ್ತಿಗೆದಾರನ ಮೂಲಕ ಬಂದ ಹೆಲ್ಪರ್, ತೋಟಗಾರ, ಕಾವಲುಗಾರರೂ ಇರುತ್ತಾರೆ. ಹೆಲ್ಪರ್ ಆಗಿ ಸೇರಿ, ಮೂಟೆ ಹೊತ್ತು, ಡಬ್ಬಿ ಕಟ್ಟಿದವನು ಐದು ವರ್ಷಗಳ ನಂತರವೂ ಹೆಲ್ಪರ್ ಆಗಿಯೇ ಉಳಿಯುವ ಸಂಭವ ಹೆಚ್ಚು. ಯಂತ್ರದ ಮೇಲೆ ಕೈ ಪಳಗಿಸಿಕೊಂಡವನ ಕೂಲಿಯಾದರೋ ವರ್ಷದಿಂದ ವರ್ಷಕ್ಕೆ ಏರಬಲ್ಲದು. ಒಂದು ಕಾರ್ಖಾನೆ ಮುಚ್ಚಿದರೂ ಅವನ ವಿದ್ಯೆ ಅವನೊಡನೆ ಇರುತ್ತದೆ.

ಆದ್ದರಿಂದ ತರಬೇತಿಯನ್ನು ಕಡೆಗಣಿಸುವುದು ಸಲ್ಲದು. ಪದವಿಗೆ ಸೀಟು ಸಿಗದವರು ಸೇರುವ ಜಾಗವೆಂಬ ಅಸಡ್ಡೆಯಿಂದ ಐ.ಟಿ.ಐ.ಗಳನ್ನು ಕಾಣುವ ರೂಢಿ ಹಳ್ಳಿಗಳಲ್ಲಿದೆ. 2022ರಲ್ಲಿ ರಾಜ್ಯದ 150 ಐ.ಟಿ.ಐ.ಗಳನ್ನು ಉದ್ದಿಮೆಗಳ ನೆರವಿನೊಡನೆ ತಂತ್ರಜ್ಞಾನ ಕೇಂದ್ರಗಳಾಗಿ ಮೇಲ್ದರ್ಜೆಗೇರಿಸಲಾಗಿದೆ. 1961ರ ಅಪ್ರೆಂಟಿಸ್ ಕಾಯಿದೆಯಡಿ ಕಾರ್ಖಾನೆಯಲ್ಲಿ ಕಲಿಯುವ ಅವಧಿಗೂ ಶಿಷ್ಯವೇತನ ಉಂಟು. ಹೆಣ್ಣುಮಕ್ಕಳಿಗೂ ಈ ದಾರಿ ತೆರೆದಿದೆ. 2023ರ ತಿದ್ದುಪಡಿ ರಾಜ್ಯದ ಕಾರ್ಖಾನೆಗಳಲ್ಲಿ ಅವರ ರಾತ್ರಿ ಪಾಳಿಗೆ ಅವಕಾಶ ನೀಡಿತು. ಆದರೆ ಕಾರ್ಖಾನೆಯ ವಾಹನ ಬೆಟ್ಟದೂರಿನ ಬಾಗಿಲವರೆಗೆ ಬರುವುದೋ, ಹೆದ್ದಾರಿಯಲ್ಲೇ ಇಳಿಸುವುದೋ ಎಂದು ಮೊದಲೇ ವಿಚಾರಿಸುವುದು ಹೆತ್ತವರ ಕರ್ತವ್ಯ.

ಕೆಲಸಕ್ಕೆ ಸೇರುವ ದಿನ ನೇಮಕಾತಿ ಪತ್ರ ಕೇಳಿ ಪಡೆಯಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ಅದು ಕಾರ್ಮಿಕನ ಹಕ್ಕು. ನಿಗದಿತ ಅವಧಿಯ ನೌಕರನಿಗೆ ಒಂದು ವರ್ಷದ ಸೇವೆಯ ನಂತರ ಗ್ರಾಚ್ಯುಟಿಯೂ ಸಲ್ಲುತ್ತದೆ. ಭವಿಷ್ಯನಿಧಿ, ಇ.ಎಸ್.ಐ. ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳದವನಿಗೆ ಗುತ್ತಿಗೆದಾರ ಬದಲಾದಾಗ ತನ್ನ ದುಡಿಮೆಗೆ ಸಾಕ್ಷಿಯೇ ಇಲ್ಲದಂತಾಗುತ್ತದೆ.

ಇನ್ನೊಂದು ಮಾತು ನೆಲ-ನೀರಿಗೆ ಸಂಬಂಧಿಸಿದ್ದು. ಕಾವಲು ಎಂದರೆ ದನಕರು ಮೇಯುವ ನೆಲ. ಅಂತಹ ನೆಲವೂ, ಹೇಮಾವತಿಯ ನಾಲೆ ನೀರೂ ಕೃಷಿ, ನಗರ, ಉದ್ದಿಮೆಗಳ ನಡುವೆ ಹಂಚಿಕೆಯಾಗಬೇಕಿದೆ. ಕುಣಿಗಲ್ ಕಡೆಗೆ ನೀರೊಯ್ಯುವ ಲಿಂಕ್ ಕಾಲುವೆಯ ವಿರುದ್ಧ 2025ರಲ್ಲಿ ಗುಬ್ಬಿ ಸೀಮೆಯ ರೈತರು ನಡೆಸಿದ ಹೋರಾಟ ಈ ಹಂಚಿಕೆ ಎಷ್ಟು ಕಠಿಣವೆಂಬುದನ್ನು ತೋರಿಸಿತು. ಮಗನ ನೌಕರಿಯ ಆಸೆಗೆ ಫಲ ಕೊಡುವ ತೆಂಗು, ಅಡಕೆ ತೋಟ ಮಾರುವುದು ಅವಿವೇಕ. ಉದ್ಯೋಗ ಒಬ್ಬನ ಆಯುಷ್ಯಕ್ಕೆ, ನೆಲ ಮುಂದಿನ ತಲೆಮಾರಿಗೂ. ಕೊಬ್ಬರಿ, ನಾರು, ಎಣ್ಣೆಗಳ ಸಂಸ್ಕರಣೆಯೂ ಉತ್ಪಾದನಾ ಉದ್ಯೋಗವೇ; ಯಂತ್ರ ಬಲ್ಲ ಯುವಕರಿಗೆ ಅಲ್ಲಿಯೂ ಎಡೆಯಿದೆ.

ಗ್ರಾಮಸಭೆಗಳು ಇನ್ನಾದರೂ ಲಿಖಿತ ಉತ್ತರ ಕೇಳಲಿ: ಸುತ್ತಲಿನ ಹಳ್ಳಿಗಳಿಂದ ಎಷ್ಟು ಮಂದಿ ಕಾಯಂ, ಎಷ್ಟು ಮಂದಿ ಗುತ್ತಿಗೆ? ವರ್ಷಕ್ಕೆ ಎಷ್ಟು ಅಪ್ರೆಂಟಿಸ್‌ಗಳು? ನೀರು ಎಲ್ಲಿಂದ, ಬಳಸಿದ ನೀರು ಎಲ್ಲಿಗೆ? ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ವಿಧೇಯಕವನ್ನು ರಾಜ್ಯ ಸಂಪುಟ 2024ರ ಜುಲೈನಲ್ಲಿ ಒಪ್ಪಿ, ಕೆಲವೇ ದಿನಗಳಲ್ಲಿ ತಡೆಹಿಡಿದದ್ದು ಎಲ್ಲರಿಗೂ ತಿಳಿದಿದೆ. ಅಂತಹ ಕಾನೂನು ಬರುವವರೆಗೆ ಕಾಯದೆ ಈ ಪ್ರಶ್ನೆಗಳನ್ನು ಕೇಳುವ ಅಧಿಕಾರ ಗ್ರಾಮಸ್ಥರಿಗಿದೆ. ಮುಂದಿನ ಗ್ರಾಮಸಭೆಯ ನಡಾವಳಿ ಪುಸ್ತಕದಲ್ಲಿ ಅವು ದಾಖಲಾಗಲಿ.