ಅಭಿವೃದ್ಧಿ ಕರ ರೈತನಿಗೆ ಮಾತ್ರವೇ?

‘ರೈತರದು ಸಾಲ ಮಾಡೋದು, ಆಮೇಲೆ ಮನ್ನಾ ಮಾಡಿ ಅನ್ನೋದು. ಸ್ವಂತ ಜವಾಬ್ದಾರಿಯೇ ಇಲ್ಲವೇ?’ ಪೇಟೆಯವರ ಈ ಮಾತು ನಮಗೆ ಹಳೆಯದು. ಜವಾಬ್ದಾರಿಯ ಲೆಕ್ಕ ತೆಗೆಯೋಣ ಸ್ವಾಮಿ, ಆದರೆ ಎಲ್ಲರ ಲೆಕ್ಕವನ್ನೂ ಒಟ್ಟಿಗೇ ತೆಗೆಯಬೇಕು.

ಮಲಪ್ರಭಾ ಕಾಲುವೆ ಬಂದಾಗ ಸರ್ಕಾರ ಹೂಡಿದ ವಾದವೇನು? ‘ಸಾರ್ವಜನಿಕರ ಹಣದಿಂದ ಕಾಲುವೆ ಆಯಿತು, ನಿನ್ನ ಹೊಲದ ಬೆಲೆ ಏರಿತು, ಅಭಿವೃದ್ಧಿ ಕರ ಕಟ್ಟು.’ ನೀರು ಸರಿಯಾಗಿ ತಲುಪದ ಹೊಲದವರನ್ನೂ ಬಿಡಲಿಲ್ಲ. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರು ಬೀದಿಗಿಳಿದರು. ಗೋಲಿಬಾರಿನಲ್ಲಿ ಪ್ರಾಣ ತೆತ್ತರು.

ಸಮಾಜದ ಖರ್ಚಿನಿಂದ ಆಸ್ತಿ ಬೆಳೆದರೆ ಸಮಾಜಕ್ಕೆ ಪಾಲು ಕೊಡಬೇಕೆಂಬ ತತ್ವ ಸರಿಯೇ. ಅದನ್ನು ಬಡವನ ಹೊಲಕ್ಕೆ ಮಾತ್ರ ಹಚ್ಚಿದ್ದು ಅನ್ಯಾಯ. ಕಾರ್ಖಾನೆಯ ರಸ್ತೆ, ಕರೆಂಟು, ಬಂದರು, ಅಲ್ಲಿನ ಇಂಜಿನಿಯರು ಓದಿದ ಸರ್ಕಾರಿ ಕಾಲೇಜು, ಇವೂ ಸಾರ್ವಜನಿಕರ ಹಣದ ಕಾಲುವೆಗಳೇ. ಆ ನೀರು ಕುಡಿದು ಬೆಳೆದ ಸಂಪತ್ತಿಗೆ ಸರ್ಕಾರ ಮಾಡಿದ್ದೇನು? ಸತ್ತವರ ದೊಡ್ಡ ಆಸ್ತಿಯ ಮೇಲೆ 1953ರಿಂದ ಇದ್ದ ಎಸ್ಟೇಟ್ ಸುಂಕವನ್ನು 1985ರಲ್ಲಿ ತೆಗೆದುಹಾಕಿತು. 1957ರ ಸಂಪತ್ತು ತೆರಿಗೆಯನ್ನು 2015ರ ಬಜೆಟ್ಟಿನಲ್ಲಿ ಕೈಬಿಟ್ಟಿತು. ಬದಲಿಗೆ ಕೋಟಿ ಮೀರಿದ ಆದಾಯದ ಮೇಲೆ ಶೇ. 2 ಸರ್ಚಾರ್ಜು ಹೆಚ್ಚಿಸಿತೇನೋ ನಿಜ. ಕೂಡಿಟ್ಟ ಆಸ್ತಿ ಪಾರಾಯಿತು. ವಸೂಲಿ ಕಡಿಮೆ, ಖರ್ಚು ಜಾಸ್ತಿ ಎಂಬ ನೆಪ ಬೇರೆ. ತೂತು ಮುಚ್ಚುವ ಬದಲು ಕೊಡವನ್ನೇ ಒಡೆದರು! 2019ರ ಸೆಪ್ಟೆಂಬರಿನಲ್ಲಿ, ವಿನಾಯಿತಿ ಬಿಟ್ಟುಕೊಡುವ ಕಂಪನಿಗಳ ತೆರಿಗೆ ಶೇ. 30ರಿಂದ 22ಕ್ಕೆ ಇಳಿಯಿತು. ಇದರಿಂದ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಖೋತಾ ಎಂದು ಸರ್ಕಾರವೇ ಹೇಳಿತು. ಇದಕ್ಕೆ ‘ಮನ್ನಾ’ ಅನ್ನೋದಿಲ್ಲ, ‘ಪ್ರೋತ್ಸಾಹ’ ಅಂತಾರೆ.

‘ರೈತ ಆದಾಯ ತೆರಿಗೆ ಕಟ್ಟೋದಿಲ್ಲವಲ್ಲ’ ಅಂತೀರಾ? ಕೀಟನಾಶಕ, ಸೋಪು, ಚಪ್ಪಲಿ ಕೊಂಡಾಗಲೆಲ್ಲ ಜಿಎಸ್‌ಟಿ ಕಟ್ಟುತ್ತಾನೆ. ವ್ಯಾಪಾರಿ ತಾನು ಕಟ್ಟಿದ ತೆರಿಗೆಯನ್ನು ಮುಂದಿನ ಲೆಕ್ಕದಲ್ಲಿ ಕಳೆದುಕೊಳ್ಳಬಹುದು. ತನ್ನ ರಾಗಿಗೆ ತಾನೇ ಬೆಲೆ ಕಟ್ಟಲಾಗದ ರೈತ ಅದನ್ನು ಯಾರ ತಲೆಗೆ ಹಾಕಬೇಕು?

ನಮ್ಮ ಜವಾಬ್ದಾರಿಯಿಂದ ನಾವೂ ಜಾರಿಕೊಳ್ಳೋದು ಬೇಡ. ಸಾಲ ಮಾಡಿ ಅದ್ದೂರಿ ಮದುವೆ ಮಾಡುವವನಿಗೆ, ದುಡಿದದ್ದನ್ನು ಹೆಂಡದಂಗಡಿಗೆ ಸುರಿಯುವವನಿಗೆ ನಮ್ಮ ಸಭೆಗಳಲ್ಲೇ ಬುದ್ಧಿ ಹೇಳೋಣ. ಕೃಷಿ ಆದಾಯದ ಹೆಸರಲ್ಲಿ ಕಪ್ಪು ಹಣ ಬಚ್ಚಿಡುವವನ ಪರ ನಾವು ನಿಲ್ಲಬೇಕಿಲ್ಲ. ಆದರೆ ಮಳೆ ಕೈಕೊಟ್ಟದ್ದು, ಮಂಡಿಯಲ್ಲಿ ಬೆಲೆ ಬಿದ್ದದ್ದು ಯಾರ ಸೋಮಾರಿತನ?

ಸರ್ಕಾರಿ ಆಸ್ಪತ್ರೆ, ಶಾಲೆ, ಪಡಿತರ ಅಕ್ಕಿ ಭಿಕ್ಷೆಯಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಡಾಕ್ಟರೂ ಔಷಧಿಯೂ ಇದ್ದರೆ, ಕಾಯಿಲೆಗೆಂದು ಕೈಸಾಲ ತಂದು ಬಡ್ಡಿ ಕಟ್ಟುವುದು ತಪ್ಪುತ್ತದೆ. ಅದಕ್ಕೆ ದುಡ್ಡೆಲ್ಲಿ ಅನ್ನುವವರಿಗೆ ನಮ್ಮ ಉತ್ತರ ಇದು: ಸಣ್ಣ ಹಿಡುವಳಿ, ವಾಸದ ಮನೆ ಬಿಟ್ಟು, ಕೋಟಿಗಟ್ಟಲೆ ಪಿತ್ರಾರ್ಜಿತ ಆಸ್ತಿಯ ಮೇಲೆ ತೆರಿಗೆ ಮತ್ತೆ ಬರಲಿ.

ರೈತ ಬಾಂಧವರೇ, ವೋಟು ಕೇಳಲು ಬಂದವರನ್ನು ಸಾಲ ಮನ್ನಾದ ಜೊತೆಗೆ ಇದನ್ನೂ ಕೇಳಿ: ಉಳ್ಳವರಿಂದ ಅಭಿವೃದ್ಧಿ ಕರ ವಸೂಲಿ ಮಾಡೋದು ಯಾವಾಗ?