ಊರಿಗೆ ಬಿಸ್ಮಾರ್ಕ್ ಹೆಸರು, ದನಕ್ಕೆ ಪುಸ್ತಕದ ಲೆಕ್ಕ

ಅಮೆರಿಕದ ನಾರ್ತ್ ಡಕೋಟ ರಾಜ್ಯದ ರಾಜಧಾನಿಯ ಹೆಸರು ಬಿಸ್ಮಾರ್ಕ್. ಆ ಹೆಸರಿನ ಜರ್ಮನ್ ಚಾನ್ಸಲರ್ ಅತ್ತ ತಲೆಹಾಕಿಯೂ ಮಲಗಿದವರಲ್ಲ. 1872ರಲ್ಲಿ ಮಿಸೌರಿ ನದಿ ದಂಡೆಯ ಮೇಲೆ ತಲೆಯೆತ್ತಿದ ಊರಿಗೆ ಮೊದಲಿದ್ದದ್ದು ರೈಲ್ವೆ ಎಂಜಿನಿಯರೊಬ್ಬರ ನೆನಪಿನ ಹೆಸರು, ಎಡ್ವಿಂಟನ್. ಮರುವರ್ಷ ನಾರ್ದರ್ನ್ ಪೆಸಿಫಿಕ್ ರೈಲ್ವೆ ಕಂಪನಿ ಅದನ್ನು ಬದಲಿಸಿತು. ಜರ್ಮನ್ನರ ದುಡ್ಡೂ ಬರಲಿ, ರೈತರೂ ಬರಲಿ ಎಂಬ ಲೆಕ್ಕ.

ಕಂಪನಿಯ ಕೈಯಲ್ಲಿದ್ದ ನಿಜವಾದ ಆಸ್ತಿ ನೆಲ. ಹಳಿಯ ಎರಡೂ ಬದಿಗೆ ಕೋಟಿಗಟ್ಟಲೆ ಎಕರೆಯನ್ನು ಅಮೆರಿಕದ ಸಂಸತ್ತು 1864ರಲ್ಲೇ ಕೊಟ್ಟಿತ್ತು. ಅಲ್ಲಿ ಬಾಳುತ್ತಿದ್ದ ಮೂಲನಿವಾಸಿಗಳನ್ನು ಕೇಳುವ ಗೋಜಿಗೇ ಹೋಗಿರಲಿಲ್ಲ. ಬಾಂಡ್ ಮಾರುವ ಹೊಣೆ ಹೊತ್ತ ಬ್ಯಾಂಕರ್ ಜೇ ಕುಕ್ ಆ ಸೀಮೆಯ ಹವೆಯನ್ನು ಎಷ್ಟು ಹೊಗಳಿಸಿದರೆಂದರೆ, ಹಿಮ ಬೀಳುವ ಬಯಲಿಗೆ ‘ಜೇ ಕುಕ್‌ನ ಬಾಳೆ ಸೀಮೆ’ ಎಂಬ ಅಡ್ಡಹೆಸರೇ ಬಿತ್ತು. ಯುರೋಪಿನವರು ಮರುಳಾಗಲಿಲ್ಲ. 1873ರ ಸೆಪ್ಟೆಂಬರ್ 18ರಂದು ಕುಕ್ ಬ್ಯಾಂಕ್ ಬಾಗಿಲು ಮುಚ್ಚಿತು, ಹಳಿ ಬಿಸ್ಮಾರ್ಕ್‌ನಲ್ಲೇ ವರ್ಷಗಟ್ಟಲೆ ನಿಂತಿತು.

ಇಂಥ ಪ್ರಚಾರಕರನ್ನು ದೂರದರ್ಶಿಗಳೆಂದು ಹೊಗಳುವ ರೂಢಿಯಿದೆ. ಅಂಥವರ ಮಾತು ನಂಬಿದವರ ಪಾಡೇನಾಯಿತು ಎಂದು ವಯೋಮಿಂಗ್‌ನ ದನದ ವ್ಯವಹಾರದಲ್ಲಿ ನೋಡಬೇಕು.

ಅಲ್ಲಿನ ಅಲೆಕ್ಸಾಂಡರ್ ಸ್ವಾನ್ 1883ರಲ್ಲಿ ತಮ್ಮ ದನದ ವ್ಯವಹಾರವನ್ನು ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿ ನೋಂದಾಯಿಸಿದ ಕಂಪನಿಗೆ ಮಾರಿದರು. ಸಾವಿರಾರು ಚದರ ಮೈಲಿ ಬಯಲಲ್ಲಿ ಬೇಲಿಯಿಲ್ಲದೆ ಮೇಯುವ ದನವನ್ನು ಎಣಿಸುವವರಾರು? ಹಳೆಯ ಸಂಖ್ಯೆಗೆ ಹುಟ್ಟಿರಬಹುದಾದ ಕರುಗಳನ್ನು ಕೂಡಿಸು, ಸತ್ತಿರಬಹುದಾದವನ್ನು ಅಂದಾಜಿನಲ್ಲಿ ಕಳೆ: ಇದು ಆ ಕಾಲದ ‘ಪುಸ್ತಕದ ಲೆಕ್ಕ’. ಪುಸ್ತಕದಲ್ಲಿ ಕರುಗಳು ಚಳಿಗೆ ಸಾಯುವುದು ಬಹಳ ಕಡಿಮೆ! 1886–87ರ ಭೀಕರ ಚಳಿಗಾಲದಲ್ಲಿ ಬಯಲಿನ ದನಗಳು ಹಿಂಡುಹಿಂಡಾಗಿ ಸತ್ತವು. ಉಳಿದವನ್ನು ಎಣಿಸಿದಾಗ ಕಾಗದಕ್ಕೂ ಬಯಲಿಗೂ ತಾಳೆಯಾಗಲಿಲ್ಲ. ಕಂಪನಿ ದಿವಾಳಿಯ ಅಂಚಿಗೆ ಬಂತು. ಹಾಗೆಂದು ತಪ್ಪನ್ನೆಲ್ಲ ಚಳಿಯ ತಲೆಗೆ ಕಟ್ಟಲಾಗದು. ಎಣಿಸದೆ ಕೊಂಡವರದೂ ಪಾಲಿದೆ.

ಅದೇ 1887ರಲ್ಲಿ ಸಂಸತ್ತು ಇನ್ನೂ ರಾಜ್ಯವಾಗದ ಪ್ರಾಂತ್ಯಗಳಲ್ಲಿ ವಿದೇಶಿಯರು ನೆಲ ಕೊಳ್ಳುವುದಕ್ಕೆ ಕಾನೂನಿನ ಕಡಿವಾಣ ಹಾಕಿತು. ಯುರೋಪಿನ ಹಣಕ್ಕೆ ದಶಕಗಟ್ಟಲೆ ಬಾಗಿಲು ತೆರೆದಿಟ್ಟ ದೇಶಕ್ಕೆ ಒಮ್ಮೆಲೇ ಹೊರಗಿನವರ ಒಡೆತನ ಕಣ್ಣಿಗೆ ಚುಚ್ಚಿತು.

ವಿದೇಶಿ ಹಣವೆಲ್ಲ ಮುಳುಗಿತೆಂದಲ್ಲ. ಸ್ಕಾಟ್ಲೆಂಡಿನದೇ ಡಂಡಿ ನಗರದವರು 1882ರಲ್ಲಿ ಟೆಕ್ಸಾಸ್‌ನ ಮ್ಯಾಟಡಾರ್ ರ‍್ಯಾಂಚ್ ಕೊಂಡರು. ಲೆಕ್ಕದಲ್ಲಿ ಬಿಗಿ, ಮೇವಿನಲ್ಲಿ ಹಿಡಿತ. ಮರ್ಡೊ ಮೆಕೆಂಜಿಯಂಥ ನುರಿತ ವ್ಯವಸ್ಥಾಪಕರೂ ಸಿಕ್ಕರು. ಆ ಕಂಪನಿ 1951ರವರೆಗೆ ನಡೆಯಿತು. ಮಾರಿದಾಗ ಷೇರುದಾರರ ಕೈಗೆ ಒಳ್ಳೆಯ ಬೆಲೆಯೇ ಬಂತು.